ಅಪರೂಪದ ಅಣಬೆ ದಾಖಲೆಗೆ ಫೋಟೊ ಮಾತ್ರ ಸಾಕಾ?

ಮಲೆಯಂಚು: ಆಗುಂಬೆ ಕಡೆ ಮಳೆಗಾಲದ ಅಣಬೆ ಸಮೀಕ್ಷೆ ಮಾಡ್ತಿದ್ದೇವೆ. ಫೋಟೊ ರಾಶಿ ಇದೆ, ಪ್ರಭೇದ ಮಾತ್ರ ಖಚಿತವಾಗ್ತಿಲ್ಲ. ಒಣಗಿಸಿಟ್ಟ ಮಾದರಿಗೂ ಬೂಷ್ಟು ಹಿಡೀತಿದೆ.

ಸಾಲುಧೂಪ: ಮೇಲಿನಿಂದ ತೆಗೆದ ಫೋಟೊ ಸಾಲಲ್ಲ. ಕೊಡೆಯ ಅಡಿಭಾಗ, ಉದ್ದಕ್ಕೆ ಸೀಳಿದ ಕಾಂಡ, ಬುಡ ಮೂರೂ ಬೇಕು, ಪಕ್ಕದಲ್ಲೊಂದು ಸ್ಕೇಲ್. ಕಿತ್ತರೆ ಬುಡ ಮಣ್ಣಲ್ಲೇ ಉಳಿಯುತ್ತೆ, ಚಾಕುವಿನಿಂದ ಸುತ್ತ ಅಗೆದು ಎತ್ತಿ. ಅಮನಿಟಾ ಅನ್ನೋ ಅಣಬೆ ಕುಲದ ಬುಡದ ಚೀಲ, ಹುತ್ತದ ಅಣಬೆಯ ಬೇರಿನಂಥ ಬಾಲ ಹೋದರೆ ಮುಖ್ಯ ಗುರುತೇ ಹೋಯ್ತು. ಸೀಳಿದ ಜಾಗ ಬಣ್ಣ ತಿರುಗುತ್ತಾ, ಹಾಲು ಒಸರುತ್ತಾ, ವಾಸನೆ ಹೇಗಿದೆ ಅನ್ನೋದನ್ನ ಅಲ್ಲೇ ಬರ್ಕೊಳ್ಳಿ. ಹತ್ತಿರದ ಮರಗಳನ್ನೂ ಬಿಡಬೇಡಿ. ರಸುಲಾ ಅನ್ನೋ ಕುಲದ ಅಣಬೆಗಳು ಧೂಪದಂಥ ಮರಗಳ ಬೇರಿಗೆ ಅಂಟಿಕೊಂಡೇ ಬದುಕುತ್ತವೆ.

ಕಾಡುಕೊಡೆ: ಬೂಷ್ಟಿಗೆ ಕಾರಣ ಅರೆಬರೆ ಒಣಗಿದ್ದು. ಪ್ಲಾಸ್ಟಿಕ್ ಚೀಲದಲ್ಲಿ ತರಬೇಡಿ, ಬೆವೆತು ಕೊಳೆಯುತ್ತೆ, ಕಾಗದದಲ್ಲಿ ಸುತ್ತಿ. ಡ್ರೈಯರ್‌ನಲ್ಲಿ 40–45 ಡಿಗ್ರಿ ಇಟ್ಟು, ಮುರಿದರೆ ಚಟ್ ಅನ್ನುವವರೆಗೆ ಒಣಗಿಸಿ. ದಪ್ಪಗಿದ್ದರೆ ಸೀಳಿಡಿ. ಶಾಖ ಜಾಸ್ತಿಯಾದರೆ ಬೆಂದು ಡಿಎನ್‌ಎ ಹಾಳು. ಬಿಸಿಯಿರುವಾಗಲೇ ತೇವ ಹೀರುವ ಸಿಲಿಕಾ ಜೆಲ್ ಜೊತೆ ಜಿಪ್ ಕವರ್‌ಗೆ ಹಾಕಿ, ತಡಮಾಡಿದರೆ ಮಲೆನಾಡಿನ ಗಾಳಿಯ ತೇವ ಮತ್ತೆ ಹೀರುತ್ತೆ.

ಸಾಲುಧೂಪ: ಒಣಗಿಸೋಕೆ ಮುಂಚೆ ಒಂದು ಕೊಡೆಯನ್ನ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಬೋರಲು ಹಾಕಿ, ಮೇಲೆ ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಬಿದ್ದ ಬೀಜಕದ (ಸ್ಪೋರ್) ಪುಡಿಯ ಬಣ್ಣ ಕುಲ ಗುರುತಿಸೋಕೆ ಬೇಕೇಬೇಕು. ಫೋಟೊ, ಟಿಪ್ಪಣಿ, ಮಾದರಿ ಮೂರಕ್ಕೂ ಒಂದೇ ಸಂಖ್ಯೆ ಕೊಡಿ. ಕಾಯ್ದಿಟ್ಟ ಅರಣ್ಯವಾದರೆ ಸಂಗ್ರಹಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲೇ ತಗೊಳ್ಳಿ.