ಸ್ಟಾಕ್‌ಹೋಮ್‌ಗೆ ಬರಬೇಕಾ? ಮಗಳಿಗೆ ಮೂರೂವರೆ ವರ್ಷ

ಜಯನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಕೆಲಸ ಸಿಕ್ಕಿದೆ, ಆಫೀಸು ಕಿಸ್ತಾದಲ್ಲಿ. ನವೆಂಬರ್‌ಗೇ ಬನ್ನಿ ಅನ್ನುತ್ತಿದ್ದಾರೆ. ಮಗಳಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಅಜ್ಜಿ ಪಕ್ಕದಲ್ಲಿ ಮಲಗದಿದ್ದರೆ ನಿದ್ದೆಯೂ ಮಾಡಲ್ಲ. ಮನೆ ಯಾವ ಕಡೆ ಹುಡುಕಬೇಕು? ಸ್ಕೂಲಿಗೆ ಯಾವಾಗ ಸೇರಿಸಬಹುದು? ಅಲ್ಲಿನ ಕತ್ತಲೆಗೆ ಮಗು ಒಗ್ಗುತ್ತಾ? ರಾತ್ರಿಯೆಲ್ಲ ಯೂಟ್ಯೂಬ್ ನೋಡಿ ಇನ್ನೂ ಹೆದರಿಕೊಂಡಿದ್ದೇನೆ.

ನೀಲಿ ಲೈನ್ ಪ್ರಯಾಣಿಕ:
ಮೊದಲು ಊರಿನ ಅಂದಾಜು ಹೇಳಿಬಿಡುತ್ತೇನೆ. ಸ್ಟಾಕ್‌ಹೋಮ್ ಇರುವುದು 14 ದ್ವೀಪಗಳ ಮೇಲೆ. ಒಂದು ಕಡೆ ಮೆಲಾರೆನ್ ಸರೋವರ, ಇನ್ನೊಂದು ಕಡೆ ಬಾಲ್ಟಿಕ್ ಸಮುದ್ರ. ನಡುವಿನ ಗಾಮ್ಲಾ ಸ್ಟಾನ್ ಹಳೇ ಪೇಟೆ, ನೋಡಲು ಚೆಂದ, ಇರಲು ನಮ್ಮ ಕೈಗೆ ಎಟುಕದು. ಕಿಸ್ತಾ ಇರುವುದು ವಾಯವ್ಯಕ್ಕೆ, ಮೆಟ್ರೋ ನೀಲಿ ಲೈನಿನಲ್ಲಿ. ಬರೆಯುವುದು ಕಿಸ್ತಾ, ಹೇಳುವುದು 'ಶೀಸ್ತಾ'. ನಮ್ಮವರು ಕಿಸ್ತಾ, ಸೊಲೆಂಟುನಾ, ಸುಂಡ್‌ಬಿಬರ್ಗ್, ಬಾರ್ಕರ್‌ಬಿ ಕಡೆ ಜಾಸ್ತಿ. ಸೊಲೆಂಟುನಾಕ್ಕೆ ಸೇರಿದ ಹೆಲೆನೆಲುಂಡ್ ನೋಡಿ, ಅಲ್ಲಿಂದ ಕಿಸ್ತಾ ಆಫೀಸುಗಳಿಗೆ ನಡೆದೇ ಹೋಗಬಹುದು.

ನೇರ ಬಾಡಿಗೆ ಮನೆಗೆ ವರ್ಷಗಟ್ಟಲೆ ಸರತಿ ಇದೆ. ಹಾಗಾಗಿ ಮೊದಲು 'ಆಂದ್ರಹಾಂಡ್', ಅಂದರೆ ಇನ್ನೊಬ್ಬರ ಮನೆಯನ್ನು ಅವರಿಂದ ಬಾಡಿಗೆಗೆ ಹಿಡಿಯುವುದು. ಆ ವಿಳಾಸದಲ್ಲಿ ನಿಮ್ಮ ಹೆಸರು ನೋಂದಾಯಿಸಲು ಬಿಡುತ್ತಾರಾ ಅಂತ ಕೇಳದೆ ದುಡ್ಡು ಕೊಡಬೇಡಿ. ಬಂದ ಕೂಡಲೇ ತೆರಿಗೆ ಇಲಾಖೆಗೆ ಹೋಗಿ ಪರ್ಸನ್‌ನಂಬರ್‌ಗೆ, ಅಂದರೆ ಇಲ್ಲಿನ ಗುರುತಿನ ಸಂಖ್ಯೆಗೆ, ಅರ್ಜಿ ಹಾಕಿ. ಅದಿಲ್ಲದಿದ್ದರೆ ಬ್ಯಾಂಕು, ಮೊಬೈಲು ಎಲ್ಲದಕ್ಕೂ ಪರದಾಟ.

ಸೋಲ್ನಾ ಹಳೇ ಹುಲಿ:
ಇಷ್ಟೆಲ್ಲ ಹೇಳಿಕೊಟ್ಟು ಹಳ್ಳಕ್ಕೆ ತಳ್ಳುತ್ತೀರಲ್ಲ. ಅಮ್ಮಾ, ನಾನು 2001ರಲ್ಲಿ ಬಂದವನು, ನೇರವಾಗಿ ಹೇಳುತ್ತೇನೆ. ಮಗು ಚಿಕ್ಕದು, ಬರಬೇಡಿ. ಬಂದರೂ ಐದು ವರ್ಷ ದುಡಿದು ವಾಪಸ್ ಹೋಗಿ. ನನ್ನ ಮಗನಿಗೆ ಈಗ 24. ನಮ್ಮ ತಾಯಿ ಫೋನಿನಲ್ಲಿ "ಊಟ ಆಯ್ತೇನೋ" ಅಂದರೆ "ಹೂಂ" ಅನ್ನುತ್ತಾನೆ. ಆಮೇಲೆ ಫೋನು ನನ್ನ ಕೈಗೆ. ಇಪ್ಪತ್ತು ವರ್ಷ ದುಡಿದು ಸಂಪಾದಿಸಿದ್ದು ಆ ಒಂದು 'ಹೂಂ'.

ಸೊಲೆಂಟುನಾ ದೋಸೆ:
ಸರ್, ತಪ್ಪು ತಿಳಿಯಬೇಡಿ. ನೀವು ಮನೆಯಲ್ಲಿ ಅವನ ಹತ್ತಿರ ಯಾವ ಭಾಷೆ ಮಾತಾಡಿದಿರಿ? ಇಲ್ಲಿ ಮಾತೃಭಾಷೆ ಕಲಿಸಲು ಕಾನೂನೇ ಇದೆ. ಒಂದು ಮುನ್ಸಿಪಾಲಿಟಿಯಲ್ಲಿ ಐದು ಮಕ್ಕಳಿದ್ದು, ಪಾಠ ಹೇಳುವವರು ಸಿಕ್ಕರೆ ಕನ್ನಡ ಕ್ಲಾಸು ಕೊಡಬೇಕು. ನಾವು ನಾಲ್ಕು ಮಕ್ಕಳನ್ನು ಹುಡುಕಿಟ್ಟುಕೊಂಡು, ಐದನೆಯದಕ್ಕೆ ಗಣೇಶನ ಹಬ್ಬದಲ್ಲಿ ಕಂಡವರನ್ನೆಲ್ಲ ಕೇಳಿದೆವು. "ನಮ್ಮ ಮಗಳಿಗೆ ಈಗಾಗಲೇ ಸ್ವೀಡಿಷ್, ಇಂಗ್ಲಿಷ್ ಇದೆ, ಸುಮ್ನೆ ಭಾರ ಯಾಕೆ" ಅಂದರು!

ಸೋಲ್ನಾ ಹಳೇ ಹುಲಿ:
ನಾನು ಎರಡು ಶಿಫ್ಟ್ ದುಡಿಯುತ್ತಿದ್ದೆ ಮೇಡಂ. ಮಾತಾಡಲು ಮನೆಯಲ್ಲಿ ಇದ್ದರೆ ತಾನೇ.

ಧಾರವಾಡ ಪೇಢಾ:
ನನ್ನ ಮಗಳು ಹೋದ ಡಿಸೆಂಬರ್ 13ಕ್ಕೆ ಲೂಸಿಯಾ ಅನ್ನುವ ಇಲ್ಲಿನ ದೀಪದ ಹಬ್ಬದ ಮೆರವಣಿಗೆಯಲ್ಲಿ ತಲೆ ಮೇಲೆ ದೀಪ ಇಟ್ಟುಕೊಂಡು ಹಾಡಿದಳು. ಅದೇ ಸಂಜೆ ಮನೆಯಲ್ಲಿ ಪುರಂದರದಾಸರ ಕೀರ್ತನೆ. ಫೋಟೋ ಬೇಕಾದರೆ ಹಾಕುತ್ತೇನೆ.

ವಾಬ್ ಅಪ್ಪ:
ಪ್ರಶ್ನೆ ಕೇಳಿದವರನ್ನು ಎಲ್ಲರೂ ಮರೆತಿರಿ. ಅಕ್ಕ, ಇಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಫೋರ್‌ಸ್ಕೂಲಾ, ಅಂದರೆ ಶಿಶುವಿಹಾರ, ಇದೆ. ಅರ್ಜಿ ಹಾಕಿದ 4 ತಿಂಗಳೊಳಗೆ ಮುನ್ಸಿಪಾಲಿಟಿ ಸೀಟು ಕೊಡಬೇಕು. ಮಧ್ಯಾಹ್ನದ ಊಟ ಅಲ್ಲೇ, ಸಸ್ಯಾಹಾರ ಅಂದರೆ ಕೊಡುತ್ತಾರೆ. ಶುರುವಿನಲ್ಲಿ ಕೆಲವು ದಿನ ನೀವೇ ಮಗುವಿನ ಜೊತೆ ಕೂರಬೇಕು, ಅದಕ್ಕೆ 'ಇನ್‌ಸ್ಕೂಲ್ನಿಂಗ್' ಅನ್ನುತ್ತಾರೆ. ನನ್ನ ಮಗ ಮೂರನೇ ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಪುಟಾಣಿ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದೆ, ಕಣ್ಣಲ್ಲಿ ನೀರು ಬಂದದ್ದು ನನಗೆ. ಮಗುವಿಗೆ ಜ್ವರ ಬಂದರೆ ರಜೆ ಹಾಕಿ ಮನೆಯಲ್ಲಿರಬಹುದು. ಅದೇ 'ವಾಬ್', ಸಂಬಳದ ಸುಮಾರು 80% ಸರ್ಕಾರ ಕೊಡುತ್ತದೆ. ಚಳಿಗಾಲದಲ್ಲಿ ಇದು ಎಷ್ಟು ಮಾಮೂಲಿ ಅಂದರೆ ಫೆಬ್ರವರಿಗೆ ಇವರು ತಮಾಷೆಗೆ 'ವಾಬ್ರುವರಿ' ಅನ್ನುತ್ತಾರೆ.

ಸೋಲ್ನಾ ಹಳೇ ಹುಲಿ:
ಮಗುವಿಗೆ ಒಂದು ಏಟು ಕೊಡುವ ಹಾಗಿಲ್ಲ ಅನ್ನುವುದನ್ನೂ ಹೇಳಿ. ಶಿಸ್ತು ಎಲ್ಲಿಂದ ಬರಬೇಕು?

ಸೊಲೆಂಟುನಾ ದೋಸೆ:
1979ರಿಂದಲೇ ಕಾನೂನಿದೆ, ಇಡೀ ಪ್ರಪಂಚದಲ್ಲಿ ಮೊದಲು ತಂದದ್ದು ಇವರೇ. ನಮ್ಮಪ್ಪ ಬೆಲ್ಟ್ ತೆಗೆಯುತ್ತಿದ್ದರು. ನನಗೆ ಇವತ್ತಿಗೂ ನೆನಪಿರುವುದು ಶಿಸ್ತಲ್ಲ, ಆ ಬೆಲ್ಟಿನ ಸದ್ದು.

(ಇದಾದ ಮೇಲೆ ಮೂವತ್ತೊಂದು ಉತ್ತರ, ಎಲ್ಲ ಏಟಿನ ಬಗ್ಗೆಯೇ. ಯಾರ ಮೇಷ್ಟ್ರು ಯಾವ ಮರದ ಬೆತ್ತ ಇಟ್ಟಿದ್ದರು ಅನ್ನುವವರೆಗೂ.)

ಜಯನಗರದ ಅಮ್ಮ:
ಎಲ್ಲ ಓದಿದೆ, ಅತ್ತೆಗೂ ಓದಿ ಹೇಳಿದೆ. ಕತ್ತಲೆಯ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ನೀಲಿ ಲೈನ್ ಪ್ರಯಾಣಿಕ:
ಡಿಸೆಂಬರ್‌ನಲ್ಲಿ ಬೆಳಗ್ಗೆ ಮುಕ್ಕಾಲು ಒಂಬತ್ತರ ಹೊತ್ತಿಗೆ ಸೂರ್ಯ ಬರುತ್ತಾನೆ, ಮಧ್ಯಾಹ್ನ ಮೂರಕ್ಕೆ ಮುಂಚೆ ಹೋಗಿಬಿಡುತ್ತಾನೆ. ಜೂನ್‌ನಲ್ಲಿ ಉಲ್ಟಾ. ರಾತ್ರಿ ಒಂಬತ್ತೂವರೆಗೆ ಮಗಳು "ಇನ್ನೂ ಸಾಯಂಕಾಲ ಅಲ್ವಾ ಅಪ್ಪ" ಅಂತ ಕೇಳುತ್ತಾಳೆ, ದಪ್ಪ ಕರ್ಟನ್ ಬೇಕೇ ಬೇಕು. ಮಕ್ಕಳು ಕತ್ತಲೆಗೆ ಕೊರಗುವುದು ನಾನಂತೂ ನೋಡಿಲ್ಲ, ಕೊರಗುವವರು ನಾವು. ಮಳೆ, ಹಿಮ ಏನಿದ್ದರೂ ಫೋರ್‌ಸ್ಕೂಲಾದಲ್ಲಿ ಹೊರಗೆ ಬಿಡುತ್ತಾರೆ. ಬಾಗಿಲ ಬಳಿ ಸಾಲು ಮೊಳೆ, ಪ್ರತಿ ಮೊಳೆಗೂ ಒಂದು ರಬ್ಬರ್ ಪ್ಯಾಂಟು, ಬೂಟಿನಿಂದ ಕೆಸರು ತೊಟ್ಟಿಕ್ಕುತ್ತಿರುತ್ತದೆ. ಒದ್ದೆ ಕೈಗವಸು ಒಣಗಿಸಲು ಬಿಸಿ ಗಾಳಿಯ ಬೀರು. ಆ ಬಟ್ಟೆ ಬೆಂಗಳೂರಿನಲ್ಲಿ ಕೊಳ್ಳಬೇಡಿ, ಇಲ್ಲಿ ಸೆಕೆಂಡ್ ಹ್ಯಾಂಡ್ ಒಳ್ಳೆಯದು ಸಿಗುತ್ತದೆ. ಹೊಳೆಯುವ ರಿಫ್ಲೆಕ್ಟರ್ ಮಾತ್ರ ಅವಳ ಜಾಕೆಟ್ಟಿಗೂ ನಿಮ್ಮ ಜಾಕೆಟ್ಟಿಗೂ ಸಿಕ್ಕಿಸಿ. ಕತ್ತಲಲ್ಲಿ ಕಾರಿನವರಿಗೆ ಕಾಣಬೇಕಲ್ಲ.

ಜಯನಗರದ ಅಮ್ಮ:
ತುಂಬಾ ಥ್ಯಾಂಕ್ಸ್ ಅಣ್ಣ. ಸರಿ, ಬರುತ್ತಿದ್ದೇವೆ. ಕೊನೆಯದೊಂದು. ಕುಕ್ಕರ್ ತರಬೇಕಾ?

ಸೋಲ್ನಾ ಹಳೇ ಹುಲಿ:
ಅಲ್ಯೂಮಿನಿಯಂದು ತರಬೇಡಿ. ಇಲ್ಲಿ ಇಂಡಕ್ಷನ್ ಒಲೆ ಜಾಸ್ತಿ, ಅದರ ಮೇಲೆ ಬಿಸಿಯೇ ಆಗಲ್ಲ. ತಳ ನೋಡಿ ಸ್ಟೀಲಿನದು ತನ್ನಿ. ಮಿಕ್ಸಿ ನಡೆಯುತ್ತದೆ, ಪ್ಲಗ್ ಮಾತ್ರ ಬೇರೆ. ಇಡ್ಲಿ ತಟ್ಟೆ ನಮ್ಮ ಮನೆಯಲ್ಲಿ ಎರಡು ಸೆಟ್ ಇದೆ, ಒಂದು ಒಯ್ಯಿರಿ. ಹಾಗಂತ ನಾನು ಹೇಳಿದ್ದನ್ನು ಮರೆಯಬೇಡಿ, ಐದೇ ವರ್ಷ.

ಧಾರವಾಡ ಪೇಢಾ:
ಸರ್, ಆ ಇನ್ನೊಂದು ಸೆಟ್ ಬೇಡವಾದರೆ ನಮಗೆ ಕೊಡ್ತೀರಾ?