ಪದಚರ್ಚೆ: ಕಡುಬಣ್ಣದ ಕಾರಿನ ಮೇಲಿನ ಉಜ್ಜುಗೀರನ್ನು ‘ತೆಗೆಯುವುದೋ’, ‘ಸವೆಸುವುದೋ’?

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ. ಕಾರಿನ ಬಣ್ಣಕ್ಕೆ ಹೊಳಪು ಕೊಡುವ ಸಾಮಗ್ರಿಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾಳೆಗಳು ಶುಕ್ರವಾರ ಅಚ್ಚಿಗೆ ಹೋಗಬೇಕಾಗಿರುವುದರಿಂದ ಉತ್ತರ ಬೇಗ ಬೇಕಾಗಿದೆ. ಬಣ್ಣದಲ್ಲಿ ಸಿಕ್ಕಿಕೊಂಡ ದೂಳಿನ ಕಣಗಳನ್ನು ಮಟ್ಟಮಾಡಲು ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿದ ಮೇಲೆ, ಕಪ್ಪು ಹಾಗೂ ಕಡುನೀಲಿಯಂಥ ಬಣ್ಣಗಳಲ್ಲಿ ಉಳಿದು ಕಾಣುವ ನವುರಾದ ಗೀರುಗಳನ್ನು ಇಲ್ಲವಾಗಿಸುವುದು ಹೇಗೆಂದು ತಿಳಿಸುವ ಅಧ್ಯಾಯ ಇದು.

‘ಗೀರು’ ಎಂದಷ್ಟೇ ಬರೆದರೆ ಬೀಗದ ಕೈ ತಾಗಿ ಆದ ಗೀರಿಗೂ ಉಜ್ಜುವ ಕಾಗದ ಬಿಟ್ಟುಹೋದ ಗೀರಿಗೂ ಭೇದ ಉಳಿಯುವುದಿಲ್ಲ. ರಬ್ಬಿಂಗ್ ಕಾಂಪೌಂಡ್ (ಒರಟು ಕಣಗಳಿರುವ ಲೇಪ) ಹಾಕಿ ಉಜ್ಜುವುದು ಒಂದು ಹಂತ, ಪಾಲಿಶ್ ಮಾಡುವುದು ಇನ್ನೊಂದು ಹಂತ. ಎರಡಕ್ಕೂ ‘ಹೊಳಪುಗೊಳಿಸು’ ಎಂದರೆ “ಮೊದಲು ಹೊಳಪುಗೊಳಿಸಿ, ಅನಂತರ ಹೊಳಪುಗೊಳಿಸಿ” ಎಂಬ ಅರ್ಥವಿಲ್ಲದ ಸೂಚನೆಯಾಗುತ್ತದೆ. ಕೊನೆಯದಾಗಿ, ‘ಗೀರು ತೆಗೆಯಿರಿ’ ಎಂಬ ಪ್ರಯೋಗ ಸರಿಯೇ ಎಂಬುದನ್ನೂ ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಮೂರು ಹಂತಗಳಿಗೂ ಕನ್ನಡದ್ದೇ ಧಾತುಗಳಿರುವಾಗ ‘ಪಾಲಿಶ್’ ಎಂಬುದನ್ನು ಅಚ್ಚಿಗೆ ಕಳಿಸುವ ಅಗತ್ಯವೇ ಇಲ್ಲ. ಕಾಗದದಿಂದ ಮಾಡುವುದು ‘ಉಜ್ಜು’, ಕಾಂಪೌಂಡಿನಿಂದ ಮಾಡುವುದು ‘ತೀಡು’, ಕೊನೆಯದು ‘ಒಪ್ಪವಿಡು’. ‘ತಿದ್ದಿ ತೀಡುವುದು’ ಎಂದು ಬರಹದ ವಿಷಯದಲ್ಲಿ ಮಾತ್ರ ಹೇಳುತ್ತ ಬಂದು, ‘ತೀಡು’ವಿಗೆ ಉಜ್ಜುವ, ಮಸೆಯುವ ಅರ್ಥವಿರುವುದನ್ನು ನಾವು ಮರೆತಿದ್ದೇವೆ. ‘ಒಪ್ಪ’ವಂತೂ ಅಂದ, ಹೊಳಪು ಎರಡನ್ನೂ ಒಟ್ಟಿಗೆ ಹೇಳುವ ಪದ. ಇದೂ ‘ಒಪ್ಪು’ ಎಂಬ ಕ್ರಿಯಾಪದವೂ ಒಂದೇ ಮೂಲದವು: ತಕ್ಕುದಾಗಿರುವುದೇ ಚೆಲುವು ಎಂಬ ಭಾವ ಆ ಧಾತುವಿನೊಳಗೇ ಇದೆ. ‘ಸಾಣೆ’ಯನ್ನು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಅದು ಸಂಸ್ಕೃತದ ‘ಶಾಣ’, ಬೇಡ.

ಎರಡನೆಯ ಉತ್ತರ

‘ಒಪ್ಪವಿಡಿ’ ಎಂದು ಕೈಪಿಡಿಯಲ್ಲಿ ಅಚ್ಚಾದರೆ ಕೆಲಸಗಾರ ಅದನ್ನು ‘ಓರಣಗೊಳಿಸಿ’ ಎಂದು ಓದಿಕೊಳ್ಳುತ್ತಾನೆ. ಇದು ಕಾವ್ಯದ ಅನುವಾದವಲ್ಲ. ಪದ ತಪ್ಪಿದರೆ ಬಣ್ಣ ಹಾಳಾಗುತ್ತದೆ, ಹಾಳಾದ ಬಣ್ಣವನ್ನು ಮತ್ತೆ ಹೊಡೆಯಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು ಕೊನೆಯಲ್ಲಿ ಇಟ್ಟ ಮಾತೇ ಎಲ್ಲಕ್ಕಿಂತ ಮುಖ್ಯವಾದದ್ದು. ಗೀರು ಎಂಬುದು ಬಣ್ಣದ ಮೇಲೆ ಕೂತ ವಸ್ತುವಲ್ಲ, ಬಣ್ಣ ಇಲ್ಲದೆ ಹೋದ ಜಾಗ. ಅದನ್ನು ‘ತೆಗೆಯಲು’ ಬರುವುದಿಲ್ಲ. ಸುತ್ತಲಿನ ಮೇಲ್ಮೈಯನ್ನು ಗೀರಿನ ತಳದ ಮಟ್ಟಕ್ಕೆ ಇಳಿಸಿದಾಗ ಮಾತ್ರ ಗೀರು ಇಲ್ಲವಾಗುತ್ತದೆ. ಹಾಗೆ ಇಳಿಯುವುದು ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಸಾಮಾನ್ಯವಾಗಿ ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್ ಇರುತ್ತದೆ, ಅಂಚುಗಳಲ್ಲಿ ಇನ್ನೂ ತೆಳು. ‘ತೆಗೆಯಿರಿ’ ಎಂದು ಓದಿದವನು ಗೀರು ಹೋಗುವವರೆಗೂ ಉಜ್ಜುತ್ತಲೇ ಇರುತ್ತಾನೆ. ‘ಸವೆಸಿ ಸಮಮಾಡಿ’ ಎಂದು ಓದಿದವನಿಗೆ ತಾನು ಏನನ್ನು ಖರ್ಚು ಮಾಡುತ್ತಿದ್ದೇನೆ ಎಂಬುದು ತಿಳಿದಿರುತ್ತದೆ. ಆದ್ದರಿಂದ ‘ಸವೆಸು’ ಎಂಬ ಕ್ರಿಯಾಪದವನ್ನು ಬಿಡಬೇಡಿ.

ಮೊದಲ ತೊಡಕಿಗೆ ‘ಉಜ್ಜುಗೀರು’ ಸಾಕು. ಒಂದೇ ದಿಕ್ಕಿನಲ್ಲಿ, ಒಂದೇ ಆಳದಲ್ಲಿ, ಒತ್ತೊತ್ತಾಗಿ ಬೀಳುವುದು ಅದರ ಗುರುತು. ತಾಗಿ ಆದ ಗೀರು ಒಂಟಿಯಾಗಿರುತ್ತದೆ, ಆಳವೂ ಒಂದೇ ಸಮನಾಗಿರುವುದಿಲ್ಲ. ಬಿಳಿ ಕಾರಿನಲ್ಲಿಯೂ ಉಜ್ಜುಗೀರು ಇದ್ದೇ ಇರುತ್ತದೆ, ಆದರೆ ಗೀರಿನ ಅಂಚುಗಳು ಚದುರಿಸುವ ಬೆಳಕು ಬಿಳಿಯ ಮೇಲೆ ಎದ್ದು ಕಾಣುವುದಿಲ್ಲ; ಕಪ್ಪು ಮೇಲ್ಮೈ ತನ್ನಿಂದ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲವಾದ್ದರಿಂದ ಚದುರಿದ ಅಷ್ಟು ಬೆಳಕೂ ಬೂದು ಮಬ್ಬಾಗಿ ಕಣ್ಣಿಗೆ ಬೀಳುತ್ತದೆ. ಈ ಕಾರಣದಿಂದ “ಕಡುಬಣ್ಣಕ್ಕೆ ಬೇಗ ಗೀರು ಬೀಳುತ್ತದೆ” ಎಂದು ಬರೆಯಬಾರದು, “ಗೀರು ಬೇಗ ಕಾಣುತ್ತದೆ” ಎಂದು ಬರೆಯಬೇಕು.

ನೀವು ಕೇಳದ ಒಂದು ಅಪಾಯವೂ ಇದೆ. ಕಾಗದದ ಗ್ರಿಟ್ ಸಂಖ್ಯೆಯನ್ನು ‘ಒರಟುತನ’ ಎಂದು ಅನುವಾದಿಸಿದರೆ ಅರ್ಥ ತಲೆಕೆಳಗಾಗುತ್ತದೆ. ಸಂಖ್ಯೆ ಹೆಚ್ಚಿದಂತೆ ಕಣ ಸಣ್ಣದಾಗುತ್ತದೆ. 1500ರ ಗೀರನ್ನು 2000ದಿಂದ, ಅದರ ಗೀರನ್ನು 3000ದಿಂದ ನವುರಾಗಿಸಿಕೊಂಡ ಬಳಿಕವೇ ಕಾಂಪೌಂಡ್ ಹಿಡಿಯುವುದು ವಾಡಿಕೆ. ‘3000 ನಂಬರಿನ ಪೇಪರ್’ ಎಂದೇ ಬಿಡಿ, ಕೊಳ್ಳುವವರೂ ಮಾರುವವರೂ ಹಾಗೆಯೇ ಹೇಳುತ್ತಾರೆ.

ಎರಡು ಹಂತಗಳಿಗೆ ‘ಕಾಂಪೌಂಡ್ ಹಾಕು’, ‘ಪಾಲಿಶ್ ಮಾಡು’ ಎಂದು ಬರೆಯಿರಿ. ಕಾಂಪೌಂಡಿನ ಒರಟು ಕಣ ಮತ್ತು ಗಡಸು ಪ್ಯಾಡ್ ಉಜ್ಜುಗೀರನ್ನು ಸವೆಸಿ, ತಮ್ಮದೇ ಆದ ಮಬ್ಬನ್ನು ಬಿಟ್ಟುಹೋಗುತ್ತವೆ. ಪಾಲಿಶಿನ ಸಣ್ಣ ಕಣ ಮತ್ತು ಮೆತ್ತನೆಯ ಫೋಮ್ ಪ್ಯಾಡ್ ಆ ಮಬ್ಬನ್ನು ಸವೆಸುತ್ತವೆ. ಇನ್ನು ಶುದ್ಧಿಯ ಮಾತು: ಈ ಕೈಪಿಡಿಯ ‘ಬಣ್ಣ’ ಸಂಸ್ಕೃತದ ‘ವರ್ಣ’ದ ತದ್ಭವ, ‘ಕಾಗದ’ ಪಾರಸಿಯದು. ಅವೆರಡನ್ನು ಒಳಗೆ ಕೂರಿಸಿ ‘ಪಾಲಿಶ್’ ಒಂದನ್ನೇ ಬಾಗಿಲಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಮೊದಲ ಉತ್ತರ ಬರೆದವರಿಂದ

ಈ ವಾದ ನಿಲ್ಲುವುದಿಲ್ಲ. ‘ವರ್ಣ’ವು ವಕಾರಕ್ಕೆ ಬಕಾರ ಪಡೆದು, ಒತ್ತಕ್ಷರವನ್ನು ಸಜಾತಿ ಮಾಡಿಕೊಂಡು ‘ಬಣ್ಣ’ವಾಗಿದೆ, ಕನ್ನಡದ ಬಾಯಿ ಅದನ್ನು ತನ್ನದಾಗಿಸಿಕೊಂಡಿದೆ. ‘ಪಾಲಿಶ್’ ವ್ಯಂಜನಾಂತವಾಗಿಯೇ ಉಳಿದಿದೆ. ಪದ ಬರುವುದನ್ನು ನಾನು ವಿರೋಧಿಸುವುದಿಲ್ಲ, ಇರುವ ಪದವನ್ನು ಹೊರಹಾಕಿ ಬರುವುದನ್ನು ವಿರೋಧಿಸುತ್ತೇನೆ. ‘ತೀಡು’ ಎಂಬುದನ್ನು ಬಿಟ್ಟುಕೊಡಲು ಈವರೆಗೆ ಯಾರೂ ಕಾರಣ ಕೊಟ್ಟಿಲ್ಲ.

ಎರಡನೆಯ ಉತ್ತರ ಬರೆದವರಿಂದ

‘ಪಾಲೀಶು’ ಎಂದು ಸ್ವರಾಂತವಾಗಿ ಆಡುವವರು ಬೇಕಾದಷ್ಟು ಮಂದಿ ಇದ್ದಾರೆ. ಅಂಥವರ ಮಾತೂ ಕನ್ನಡವೇ. ‘ತೀಡು’ವಿನ ಬಗ್ಗೆ ನೀವು ಹೇಳಿದ್ದು ಸರಿ, “ಕಾಂಪೌಂಡ್ ಹಚ್ಚಿ ತೀಡಿ” ಎಂದು ಬರೆದರೆ ಯಾರಿಗೂ ತೊಡಕಾಗುವುದಿಲ್ಲ. ‘ಒಪ್ಪವಿಡು’ ಮಾತ್ರ ಆಗದು.

ಅನುವಾದಕರಿಗೆ ಇನ್ನೊಂದು ಸೂಚನೆ. ಮೂಲದಲ್ಲಿ ‘ಮರೆಮಾಡು’ ಎಂಬ ಅರ್ಥದ ಮಾತು ಬಂದಲ್ಲಿ ಅದನ್ನು ‘ಇಲ್ಲವಾಗಿಸು’ ಎಂದು ಬದಲಿಸಬೇಡಿ. ಪಾಲಿಶಿನ ಎಣ್ಣೆ ಮತ್ತು ಮೇಣ ಗೀರಿನೊಳಗೆ ತುಂಬಿಕೊಂಡು ಅದನ್ನು ಮರೆಮಾಡುತ್ತವೆ, ಕೆಲವು ಬಾರಿ ತೊಳೆದ ಮೇಲೆ ಗೀರು ಮತ್ತೆ ತೋರುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಓರೆಯಾಗಿ ದೀಪ ಹಿಡಿದು ನೋಡಬೇಕೆಂದು ಹೇಳುವುದು ಇದಕ್ಕಾಗಿಯೇ. ಅಲ್ಲಿ ‘ಒರೆಸು’ ಎಂದೇ ಇರಲಿ, ‘ಉಜ್ಜು’ ಬೇಡ. ಆ ಹಂತದಲ್ಲಿ ಒತ್ತಿ ಉಜ್ಜಿದರೆ ಕಪ್ಪು ಬಣ್ಣದ ಮೇಲೆ ಹೊಸ ಗೀರು ಏಳುತ್ತದೆ.