ಬ್ಯಾಂಡಿನ ಎಳೆದು ಹಿಡಿದ ತಗ್ಗುಸ್ವರಕ್ಕೆ ‘ಒತ್ತು’ ಎನ್ನಬಹುದೇ?

ಮಾನ್ಯರೆ,

ಚಿಂತಾಮಣಿಯಲ್ಲಿ ಪ್ರೌಢಶಾಲಾ ಶಿಕ್ಷಕರಾಗಿರುವ ಸ್ನೇಹಿತರೊಬ್ಬರು ಕನ್ಸರ್ಟ್ ಬ್ಯಾಂಡಿಗೆಂದು (ಊದುವ ವಾದ್ಯಗಳೂ ತಾಳವಾದ್ಯಗಳೂ ಸೇರಿದ ಪಾಶ್ಚಾತ್ಯ ಮೇಳ) ಒಂದು ಕೃತಿ ರಚಿಸಿದ್ದಾರೆ. ಮೇಷ್ಟ್ರುಗಳ ದಣಿವು, ಆ ದಣಿವಿನಲ್ಲೂ ಆರದ ಆಸೆ ಅದರ ವಸ್ತು. ಪರಿಚಯದ ಟಿಪ್ಪಣಿಯನ್ನು ಕನ್ನಡದಲ್ಲಿ ನಾನು ಬರೆಯುತ್ತಿದ್ದೇನೆ. ಪದಗಳ ವಿಷಯದಲ್ಲಿ ಬಲ್ಲವರ ನೆರವು ಬೇಕು.

ಕೃತಿ ಶುರುವಾದಾಗಿನಿಂದ ಟ್ಯೂಬಾ, ಯೂಫೋನಿಯಂ ಎಂಬ ತಗ್ಗುದನಿಯ ಹಿತ್ತಾಳೆ ವಾದ್ಯಗಳು ಒಂದೇ ತಗ್ಗುಸ್ವರವನ್ನು ಹಿಡಿದು ನಿಲ್ಲುತ್ತವೆ. ಮೇಲೆ ಕ್ಲಾರಿನೆಟ್, ಟ್ರಂಪೆಟ್‌ಗಳು ಸ್ವರ ಬದಲಿಸಿದಂತೆ ಅದು ಒಮ್ಮೆ ಹೊಂದುತ್ತದೆ, ಒಮ್ಮೆ ಹೊಂದದೆ ಕಿವಿಗೆ ಕಚ್ಚುತ್ತದೆ. ಬಿಸಿಯೂಟದ ಲೆಕ್ಕ, ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿಂತೆ, ಚುನಾವಣೆ ಕರ್ತವ್ಯ ಎಲ್ಲವೂ ಆ ಸ್ವರದಲ್ಲಿವೆ.

ಈ ಸ್ವರಕ್ಕೆ ನನಗೆ ಹೊಳೆದ ಹೆಸರು ‘ಒತ್ತು’. ನಾಗಸ್ವರದ ಪಕ್ಕದಲ್ಲಿ ಶ್ರುತಿಗಾಗಿ ಒಂದೇ ಸ್ವರವನ್ನು ಊದುವ ವಾದ್ಯಕ್ಕೆ ಆ ಹೆಸರಿದೆ. ಈಗ ಬಹುಮಟ್ಟಿಗೆ ಶ್ರುತಿಪೆಟ್ಟಿಗೆ ಅದರ ಜಾಗಕ್ಕೆ ಬಂದಿದೆ. ಪದದೊಳಗೇ ‘ಒತ್ತಡ’ ಕೇಳಿಸುವುದು ನನಗೆ ಬಹಳ ಹಿಡಿಸಿತು. ಆದರೆ ಓಲಗದ ಒತ್ತು ವಾದಕನಿಗೆ ಆಸರೆ, ಇಲ್ಲಿನದು ಹೊರೆ. ಹಾಗಾಗಿ ಕೆಲಕಾಲ ಅದನ್ನು ಬಿಟ್ಟಿದ್ದೆ. ಕೊನೆಯ ಭಾಗವನ್ನು ಗಮನವಿಟ್ಟು ಕೇಳಿದ ಮೇಲೆ ಮತ್ತೆ ಅದೇ ಸರಿ ಎನಿಸಿದೆ. ಅಲ್ಲಿ ತಗ್ಗುಸ್ವರ ಬದಲಾಗುವುದಿಲ್ಲ. ಮೇಲಿನ ಸ್ವರಗಳೇ ಒಂದೊಂದಾಗಿ ಸರಿದು ಅದರ ಮೇಲೆ ನೆಲೆಗೊಳ್ಳುತ್ತವೆ. ಅಷ್ಟು ಹೊತ್ತು ಹೊರೆಯಾಗಿದ್ದದ್ದು ಆಧಾರವಾಗುತ್ತದೆ. ಇಷ್ಟಾದರೂ ‘ಇಲ್ಲಿ ಒತ್ತು ಕೇಳಿಸುತ್ತದೆ’ ಎಂದು ಬರೆದರೆ ಓದುಗರು ‘ಒತ್ತು ನೀಡು’ ಎಂಬ ಬಳಕೆಯನ್ನೋ ಒತ್ತಕ್ಷರವನ್ನೋ ನೆನೆದಾರೆಂಬ ಅಳುಕಿದೆ. ‘ಒತ್ತುಸ್ವರ’ ಎಂದರೆ ಸ್ಪಷ್ಟವಾದೀತೇ?

ಸ್ವರಗಳು ಕಚ್ಚುವ ಕಡೆ ‘ಅಪಸ್ವರ’ ಖಂಡಿತ ಬೇಡ. ಅದು ತಪ್ಪಿ ನುಡಿಸಿದ್ದಕ್ಕೆ ಹೇಳುವ ಮಾತು. ಇಲ್ಲಿ ಯಾರೂ ತಪ್ಪಿಲ್ಲ. ‘ವಿವಾದಿ’ಗೆ ಕರ್ನಾಟಕ ಸಂಗೀತದಲ್ಲಿ ಬೇರೆಯೇ ಖಚಿತ ಅರ್ಥವಿದೆ. ಸದ್ಯಕ್ಕೆ ‘ಬಿಗಿ’ ಎಂದಿಟ್ಟಿದ್ದೇನೆ.

ಇನ್ನೊಂದು ತೊಡಕು ‘ಭರವಸೆ’. ಪತ್ರಿಕೆಗಳಲ್ಲಿ ಅದು ಮಂತ್ರಿಗಳು ಕೊಡುವ ಮಾತಾಗಿ ಸವೆದಿದೆ. ಹಿಂದಿನ ಬೆಂಚಿನ ಹುಡುಗ ಇವತ್ತಲ್ಲ ನಾಳೆ ಓದಿಯಾನೆಂದು ಮೇಷ್ಟ್ರು ಕಾಯುವುದು ಬೇರೆ ಬಗೆಯದು. ‘ನಂಬಿಕೆ’ಯೇ ಹತ್ತಿರವೆನಿಸುತ್ತದೆ. ನೀವೇನನ್ನುತ್ತೀರಿ?

ಕೋಲಾರ, ಮುಳಬಾಗಿಲು ಕಡೆಯ ಓಲಗದವರ ಒಡನಾಟ ಇರುವವರು ದಯವಿಟ್ಟು ತಿಳಿಸಿ: ಒತ್ತು ವಾದ್ಯಕ್ಕೆ ಅವರಲ್ಲಿ ಬೇರೆ ಹೆಸರುಂಟೇ? ಒತ್ತು ಊದುವವರನ್ನು ಏನೆಂದು ಕರೆಯುತ್ತಾರೆ?